ಓಪನ್‌ಬಾಕ್ಸ್, ಟಿಂಟ್2, ಡೆಬಿಯನ್ 12: ಒತ್ತಕ್ಷರ ಒಡೆಯದ ಸರಳ ಡೆಸ್ಕ್‌ಟಾಪ್

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗೆ 4 ಜಿಬಿ ಮೆಮೊರಿ ಇದ್ದರೆ ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್ ಭಾರವೇ. ಅದೇ ಯಂತ್ರದಲ್ಲಿ ಡೆಬಿಯನ್ 12 (ಲಿನಕ್ಸ್‌ನ ಒಂದು ವಿತರಣೆ), ಅದರ ಮೇಲೆ ಕಿಟಕಿಗಳನ್ನು ನಿಭಾಯಿಸುವ ಹಗುರ ಪ್ರೋಗ್ರಾಮ್ ಓಪನ್‌ಬಾಕ್ಸ್ ಕೂರಿಸಿದರೆ ಲಾಗಿನ್ ಆದ ಕೂಡಲೇ ಬಳಕೆ ಸುಮಾರು 300–400 ಎಂಬಿ. ಬ್ರೌಸರ್ ತೆರೆದ ಮೇಲಿನ ಲೆಕ್ಕ ಬೇರೆ, ಅದಕ್ಕೆ ಯಾವ ಡೆಸ್ಕ್‌ಟಾಪೂ ಜವಾಬ್ದಾರಿಯಲ್ಲ. ದಿನನಿತ್ಯದ ಕೆಲಸಕ್ಕೆ ಬಹುಕಾಲ ಬಳಸಿದ ಮೇಲೂ ವೇಗದ ಬಗ್ಗೆ ತಕರಾರಿಲ್ಲ. ಆದರೆ ಕನ್ನಡದಲ್ಲಿ ಓದಿ ಬರೆಯುವವರು ಚೆಂದದ ಸ್ಕ್ರೀನ್‌ಶಾಟ್ ನೋಡಿ ಬಿಡಿಭಾಗ ಆರಿಸಿದರೆ ಕೆಟ್ಟರು. ನೋಡಬೇಕಾದ್ದು ಒಂದೇ: ಅದು ಅಕ್ಷರ ಮೂಡಿಸಲು ಪ್ಯಾಂಗೊ ಎಂಬ ಲೈಬ್ರರಿ ಬಳಸುತ್ತದೆಯೇ?

ಕಾರಣ ಇಷ್ಟು. ಕನ್ನಡದ ಒತ್ತಕ್ಷರ, ಗುಣಿತ, ಅರ್ಕಾವತ್ತುಗಳನ್ನು ಫಾಂಟ್‌ನಲ್ಲಿರುವ ನಿಯಮ ಓದಿ ಜೋಡಿಸಬೇಕು. ಪ್ಯಾಂಗೊ ಆ ಕೆಲಸ ಮಾಡುತ್ತದೆ. ಎಕ್ಸ್‌ಎಫ್‌ಟಿಯಂಥ, ಅಕ್ಷರ ಮೂಡಿಸಲಷ್ಟೇ ಬಲ್ಲ ಲೈಬ್ರರಿಗಳನ್ನು ನೆಚ್ಚಿಕೊಂಡವು ಅಕ್ಷರಗಳನ್ನು ಸಾಲಾಗಿ ಇಟ್ಟುಬಿಡುತ್ತವೆ. ‘ರಸ್ತೆ’ ಹೋಗಿ ‘ರಸ್‌ತೆ’ ಆಗುತ್ತದೆ. ಡಿಮೆನು (ಮೆನು), ಡಿಡಬ್ಲ್ಯೂಎಂ (ಕಿಟಕಿ ನಿಭಾಯಿಸುವುದು), ಪಾಲಿಬಾರ್ (ಪ್ಯಾನೆಲ್) ಮೂರರಲ್ಲೂ ಇದೇ ಗೋಳು. ಓಪನ್‌ಬಾಕ್ಸ್, ಟಿಂಟ್2 (ಪ್ಯಾನೆಲ್), ರೋಫಿ (ಪ್ರೋಗ್ರಾಮ್ ಆರಿಸುವ ಮೆನು), ಡನ್ಸ್ಟ್ (ಸೂಚನೆ ತೋರಿಸುವುದು) ನಾಲ್ಕೂ ಪ್ಯಾಂಗೊ ಬಳಸುವುದರಿಂದ ಕಿಟಕಿಯ ಶೀರ್ಷಿಕೆ, ಮೆನು, ಸೂಚನೆ ಎಲ್ಲದರಲ್ಲೂ ಕನ್ನಡ ಸರಿಯಾಗಿ ಮೂಡುತ್ತದೆ. ಆಜ್ಞೆ ಟೈಪಿಸುವ ಟರ್ಮಿನಲ್‌ನಲ್ಲಿ ಮಾತ್ರ ಆಸೆ ಬಿಡಿ. ಅಲಾಕ್ರಿಟಿಯಂಥವು ಒತ್ತಕ್ಷರ ಒಡೆಯುತ್ತವೆ. ಕನ್ನಡ ಕಡತ ತಿದ್ದಲು ಮೌಸ್‌ಪ್ಯಾಡ್ ಎಂಬ ಸರಳ ಎಡಿಟರ್ ಇಟ್ಟುಕೊಳ್ಳಿ.

ಅನುಸ್ಥಾಪನೆಗೆ ನೆಟ್‌ಇನ್‌ಸ್ಟ್ ಇಮೇಜ್ (ಉಳಿದದ್ದನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವ ಚಿಕ್ಕ ಇನ್‌ಸ್ಟಾಲರ್ ಕಡತ) ಸಾಕು. ಸಾಫ್ಟ್‌ವೇರ್ ಆಯ್ಕೆಯ ಹಂತದಲ್ಲಿ ಡೆಸ್ಕ್‌ಟಾಪ್ ಟಿಕ್‌ಗಳನ್ನೆಲ್ಲ ತೆಗೆದು, ಸ್ಟ್ಯಾಂಡರ್ಡ್ ಸಿಸ್ಟಮ್ ಯುಟಿಲಿಟೀಸ್ ಮಾತ್ರ ಉಳಿಸಿ. ಆಮೇಲೆ ಎಕ್ಸ್‌ಆರ್ಗ್ (ಪರದೆಯ ಮೇಲೆ ಚಿತ್ರ ಮೂಡಿಸುವ ಬುನಾದಿ), ಲೈಟ್‌ಡಿಎಂ (ಲಾಗಿನ್ ಪರದೆ), ಪಿಸಿಮ್ಯಾನ್‌ಎಫ್‌ಎಂ (ಕಡತ ನೋಡುವುದು), ಎಲ್‌ಎಕ್ಸ್‌ಪಾಲ್ಕಿಟ್ (ಅನುಮತಿಗೆ ಪಾಸ್‌ವರ್ಡ್ ಕೇಳುವುದು), ನೆಟ್‌ವರ್ಕ್ ಮ್ಯಾನೇಜರ್ (ಐಕಾನ್ ತೋರಿಸುವ ಅದರ ಆಪ್ಲೆಟ್ ಸಮೇತ) ಮತ್ತು ಮೇಲಿನ ನಾಲ್ಕನ್ನು ಹಾಕಿಕೊಳ್ಳಿ. ಮೊದಲು ಕೈಕೊಡುವುದು ವೈಫೈ. ಇನ್‌ಸ್ಟಾಲರ್ ತಾನು ಬಳಸಿದ ವೈಫೈ ವಿವರವನ್ನು ಇಟಿಸಿ ಫೋಲ್ಡರಿನ ‘ನೆಟ್‌ವರ್ಕ್/ಇಂಟರ್ಫೇಸಸ್’ ಕಡತದಲ್ಲಿ ಬರೆದಿರುತ್ತದೆ. ಅಲ್ಲಿ ಹೆಸರಿದ್ದರೆ ನೆಟ್‌ವರ್ಕ್ ಮ್ಯಾನೇಜರ್ ಆ ಕಾರ್ಡನ್ನು ಮುಟ್ಟುವುದಿಲ್ಲ. ಲೂಪ್‌ಬ್ಯಾಕ್ (‘ಎಲ್‌ಒ’) ಸಾಲುಗಳನ್ನು ಬಿಟ್ಟು ಉಳಿದದ್ದನ್ನು ಅಳಿಸಿ ರೀಸ್ಟಾರ್ಟ್ ಮಾಡಿ. ಆದರೂ ವೈಫೈ ಐಕಾನ್ ಕಾಣದಿದ್ದರೆ ಟಿಂಟ್2 ಸಂರಚನೆಯ ಪ್ಯಾನೆಲ್ ಐಟಮ್ಸ್ ಸಾಲಿನಲ್ಲಿ ‘ಎಸ್’ ಅಕ್ಷರ ಇದೆಯೇ ನೋಡಿ. ಸಿಸ್ಟಮ್ ಟ್ರೇ ಅಂದರೆ ಆ ಅಕ್ಷರವೇ. ‘ಬಿ’ ಬ್ಯಾಟರಿ, ‘ಸಿ’ ಗಡಿಯಾರ.

ಲಾಗಿನ್ ಆದಾಗ ಪ್ರೋಗ್ರಾಮ್‌ಗಳನ್ನು ಶುರು ಮಾಡುವ ಓಪನ್‌ಬಾಕ್ಸ್‌ನ ಆಟೋಸ್ಟಾರ್ಟ್ ಕಡತ ಒಂದು ಶೆಲ್ ಸ್ಕ್ರಿಪ್ಟ್, ಅಂದರೆ ಒಂದರ ನಂತರ ಒಂದರಂತೆ ಓಡುವ ಆಜ್ಞೆಗಳ ಪಟ್ಟಿ. ಪ್ರತಿ ಸಾಲಿನ ಕೊನೆಗೆ & ಹಾಕಲೇಬೇಕು. ಒಂದರಲ್ಲಿ ಬಿಟ್ಟರೆ ಆ ಪ್ರೋಗ್ರಾಮ್ ಮುಗಿಯುವ ತನಕ ಕೆಳಗಿನವು ಕಾಯುತ್ತಾ ಕೂರುತ್ತವೆ, ಪ್ಯಾನೆಲ್ ಇಲ್ಲದ ಖಾಲಿ ಪರದೆ ಎದುರಾಗುತ್ತದೆ. ಎಲ್‌ಎಕ್ಸ್‌ಪಾಲ್ಕಿಟ್ ಇದರಲ್ಲಿರಲಿ. ಇಲ್ಲದಿದ್ದರೆ ಮೆನುವಿನಿಂದ ಡಿಸ್ಕ್ ವಿಭಾಗಿಸುವ ಜಿಪಾರ್ಟೆಡ್ ಒತ್ತಿದರೂ ಪಾಸ್‌ವರ್ಡ್ ಕೇಳುವ ಕಿಟಕಿ ಬರುವುದಿಲ್ಲ, ದೋಷವೂ ಕಾಣುವುದಿಲ್ಲ. ಎಕ್ಸ್‌ಎಸ್‌ಎಸ್-ಲಾಕ್ ಕೂಡ ಬೇಕು. ಅದಿಲ್ಲದೆ ಮುಚ್ಚಳ ಮುಚ್ಚಿದರೆ ಯಂತ್ರ ಮಲಗುತ್ತದೆ, ಆದರೆ ಬೀಗ ಬೀಳುವುದಿಲ್ಲ. ಕಚೇರಿಗೆ ಒಯ್ಯುವವರು ಇದನ್ನು ಮರೆಯುವಂತಿಲ್ಲ. ಮಳೆ ಬಂದರೆ ಕರೆಂಟ್ ಹೋಗುವ ಬಡಾವಣೆಗಳವರು ಟಿಂಟ್2ನ ಬ್ಯಾಟರಿ ಎಚ್ಚರಿಕೆಯ ಮಿತಿಯನ್ನು ಶೇ. 20ಕ್ಕೆ ಇಟ್ಟುಕೊಳ್ಳಿ. ಆ ಎಚ್ಚರಿಕೆಯನ್ನು ಸೂಚನೆಯ ರೂಪದಲ್ಲಿ ತೋರಿಸುವಂತೆ ಇಟ್ಟಿದ್ದರೆ ಡನ್ಸ್ಟ್ ಓಡುತ್ತಿರಬೇಕು.

ಫಾಂಟ್‌ಗೆ ‘ಫಾಂಟ್ಸ್-ಕೆಎನ್‌ಡಿಎ’ ಪ್ಯಾಕೇಜ್ ಹಾಕಿದರೆ ಲೋಹಿತ್, ಗುಬ್ಬಿ, ನವಿಲು ಬರುತ್ತವೆ. ಚಿಕ್ಕ ಪ್ಯಾನೆಲ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಇನ್ನೂ ಸ್ಪಷ್ಟ. ಒತ್ತಕ್ಷರದ ಕೆಳಭಾಗ ಕತ್ತರಿಸಿದಂತೆ ಕಂಡರೆ ಫಾಂಟ್ ಬದಲಿಸುವ ಬದಲು ಪ್ಯಾನೆಲ್ ಎತ್ತರ ನಾಲ್ಕೈದು ಪಿಕ್ಸೆಲ್ ಹೆಚ್ಚಿಸಿ. ಇಂಗ್ಲಿಷ್‌ಗೆ ಅಳತೆ ಮಾಡಿದ ಥೀಮ್‌ಗಳಲ್ಲಿ ಒತ್ತಕ್ಷರಕ್ಕೆ ಜಾಗವೇ ಇರುವುದಿಲ್ಲ.

ಟೈಪಿಂಗ್‌ಗೆ ಎರಡು ದಾರಿ. ಮೊದಲನೆಯದು ಎಕ್ಸ್‌ಕೆಬಿಯ (ಎಕ್ಸ್‌ಆರ್ಗ್‌ನದೇ ಕೀಬೋರ್ಡ್ ವ್ಯವಸ್ಥೆ) ಕಗಪ ಕೀಲಿ ವಿನ್ಯಾಸ. ಹಿನ್ನೆಲೆಯಲ್ಲಿ ಯಾವ ಪ್ರೋಗ್ರಾಮೂ ಓಡಬೇಕಿಲ್ಲ. ಆದರೆ ಅದಕ್ಕೆ ಹಿಂದಿನ ಅಕ್ಷರ ಯಾವುದೆಂಬ ಅರಿವಿಲ್ಲ, ಹಾಗಾಗಿ ಪದದ ಮೊದಲಲ್ಲಿ ಬರುವ ಸ್ವರಗಳಿಗೆ ಬಲಗಡೆಯ ಆಲ್ಟ್ ಒತ್ತಬೇಕು. ನುಡಿಯಲ್ಲಿ ಕೈ ಪಳಗಿದವರಿಗೆ ಇದು ಹಿಂಸೆ. ಎರಡನೆಯದು ಐಬಸ್ (ಹಿನ್ನೆಲೆಯಲ್ಲಿ ಓಡುವ ಟೈಪಿಂಗ್ ಪ್ರೋಗ್ರಾಮ್) ಜೊತೆ ಎಂ17ಎನ್‌ನ (ಹಲವು ಭಾಷೆಗಳ ಕೀಲಿ ವಿನ್ಯಾಸಗಳ ಸಂಗ್ರಹ) ಕೆಜಿಪಿ, ಅಂದರೆ ಕಗಪ ವಿನ್ಯಾಸ. ವ್ಯಂಜನದ ಮುಂದೆ ಗುಣಿತ, ಇಲ್ಲವಾದರೆ ಸ್ವರ ಎಂದು ಅದೇ ತಿಳಿದುಕೊಳ್ಳುತ್ತದೆ. ಒಂದಷ್ಟು ಮೆಮೊರಿ ತಿಂದರೂ ಇದನ್ನೇ ಹಾಕಿಕೊಳ್ಳಿ. ಐಎಂ-ಕಾನ್ಫಿಗ್‌ನಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಬ್ರೌಸರ್‌ನಲ್ಲಿ ಕನ್ನಡ ಬಂದು ಲಿಬ್ರೆಆಫೀಸ್‌ನಲ್ಲಿ ತೊಡಕಾದರೆ ಅದರ ಜಿಟಿಕೆ3 ಪ್ಯಾಕೇಜ್ ಇದೆಯೇ ನೋಡಿ.

ಕೊರತೆಗಳೂ ಇವೆ. ಓಪನ್‌ಬಾಕ್ಸ್‌ನ ಕೊನೆಯ ಆವೃತ್ತಿ 3.6.1, ಬಂದದ್ದು 2015ರಲ್ಲಿ. ಎಕ್ಸ್‌ಆರ್ಗ್‌ನ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ನಲ್ಲಿ ಇದು ನಡೆಯದು. 4ಕೆ ಮಾನಿಟರ್ ಪಕ್ಕ ಹಳೆಯ ಲ್ಯಾಪ್‌ಟಾಪ್ ಪರದೆ ಇಟ್ಟು ಕೆಲಸ ಮಾಡುವವರಿಗೆ, ಎರಡಕ್ಕೂ ಬೇರೆ ಬೇರೆ ಅಕ್ಷರ ಗಾತ್ರ ಕೊಡಲು ಬರುವುದಿಲ್ಲ. ಅಂಥವರು ವೇಲ್ಯಾಂಡ್‌ನಲ್ಲಿ ನಡೆಯುವ ಲ್ಯಾಬ್‌ಡಬ್ಲ್ಯೂಸಿ ನೋಡಲಿ. ಓಪನ್‌ಬಾಕ್ಸ್‌ನ ಸಂರಚನೆ ಮತ್ತು ಮೆನು ಕಡತಗಳ ರೂಪವನ್ನೇ ಅದೂ ಬಳಸುತ್ತದೆ, ಶೀರ್ಷಿಕೆಯ ಕನ್ನಡವೂ ಸರಿ ಇರುತ್ತದೆ. ಆದರೆ ಮೀಟಿಂಗ್‌ನಲ್ಲಿ ಸ್ಕ್ರೀನ್ ಹಂಚಲು ಎಕ್ಸ್‌ಡಿಜಿ ಪೋರ್ಟಲ್‌ನ ಡಬ್ಲ್ಯೂಎಲ್‌ಆರ್ ಭಾಗ ಪ್ರತ್ಯೇಕವಾಗಿ ಹಾಕಬೇಕು. ಒಂದೇ ಪರದೆಯವರಿಗೆ ಇದ್ಯಾವ ರಗಳೆಯೂ ಬೇಡ, ಓಪನ್‌ಬಾಕ್ಸ್‌ನಲ್ಲೇ ಇರಿ.