ಆಣಿಗೆ ಅಂಟಿಸುವ ಕಾರ್ನ್ ಕ್ಯಾಪ್ ಎಷ್ಟು ಕೆಲಸ ಮಾಡುತ್ತದೆ

ಬಲಗಾಲಿನ ಕಿರುಬೆರಳಿನ ಬುಡದಲ್ಲಿ, ಅಂಗಾಲಿನ ಕಡೆಗೆ ಎದ್ದಿದ್ದ ಒಂದು ಆಣಿಯನ್ನು ನಾನು ಹೆಚ್ಚುಕಡಿಮೆ ಒಂದು ವರ್ಷ ಸಹಿಸಿಕೊಂಡಿದ್ದೆ. ದಿನಕ್ಕೆ ಐದು ಪೀರಿಯಡ್ ನಿಂತೇ ಪಾಠ ಮಾಡಬೇಕಾದವರಿಗೆ ಬಟಾಣಿ ಗಾತ್ರದ ಆಣಿಯೂ ದೊಡ್ಡದೇ. ಎಕ್ಕದ ಹಾಲು ಹಚ್ಚಿ ಎಂದವರಿದ್ದರು, ಬ್ಲೇಡಿನಲ್ಲಿ ಕೆತ್ತಿ ತೆಗೆಯಿರಿ ಎಂದವರೂ ಇದ್ದರು. ಇವೆರಡಕ್ಕೂ ಧೈರ್ಯ ಸಾಲದೆ, ಔಷಧಿ ಅಂಗಡಿಯಲ್ಲಿ ಕಾರ್ನ್ ಕ್ಯಾಪ್ ಕೇಳಿ ನಾಲ್ಕು ಕ್ಯಾಪ್‌ಗಳಿದ್ದ ಎರಡು ಪೊಟ್ಟಣಗಳನ್ನು ತಂದೆ. ಒಟ್ಟು ಖರ್ಚು ನೂರು ರೂಪಾಯಿಯನ್ನು ದಾಟಲಿಲ್ಲ.

ಕಾರ್ನ್ ಕ್ಯಾಪ್ ನೋಡುವುದಕ್ಕೆ ಸಾಧಾರಣ ಬ್ಯಾಂಡೇಜ್ ಪಟ್ಟಿಯಂತೆಯೇ ಇದೆ. ನಡುವೆ ಮೆತ್ತನೆಯ ಫೆಲ್ಟ್ ಬಟ್ಟೆಯ ಬಳೆ, ಅದರ ಕುಳಿಯಲ್ಲಿ ಮೇಣದಂತಹ ಚಿಕ್ಕ ಬಿಲ್ಲೆ. ಆ ಬಿಲ್ಲೆಯಲ್ಲಿರುವುದು ಶೇಕಡ 40ರಷ್ಟು ಸ್ಯಾಲಿಸಿಲಿಕ್ ಆಮ್ಲ. ಅದು ಗಟ್ಟಿಯಾದ ಚರ್ಮದ ಪದರಗಳ ನಡುವಿನ ಹಿಡಿತವನ್ನು ಸಡಿಲಿಸಿ ಅವನ್ನು ಬೆಳ್ಳಗೆ, ಮೆತ್ತಗೆ ಮಾಡುತ್ತದೆ. ಆದರೆ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಎಂಬ ಭೇದ ಆ ಆಮ್ಲಕ್ಕೆ ತಿಳಿಯದು. ಮೊದಲ ದಿನ ಆತುರದಲ್ಲಿ ಬಿಲ್ಲೆಯನ್ನು ತುಸು ಓರೆಯಾಗಿ ಅಂಟಿಸಿದ್ದರಿಂದ, ಆಣಿ ಇದ್ದಂತೆಯೇ ಇದ್ದು ಪಕ್ಕದ ಚರ್ಮ ಸುಲಿದು ಉರಿಯತೊಡಗಿತು. ತಪ್ಪು ನನ್ನದೇ ಆದರೂ, ಆಣಿಗಿಂತ ಬಿಲ್ಲೆ ದೊಡ್ಡದಾಗಿದ್ದರೆ ಏನು ಮಾಡಬೇಕೆಂದು ಪೊಟ್ಟಣದ ಮೇಲೆ ಒಂದು ಸಾಲಾದರೂ ಇರಬೇಕಿತ್ತು. ನಾಲ್ಕು ದಿನ ಬಿಟ್ಟು ಮತ್ತೆ ಆರಂಭಿಸಿದಾಗ ಆಣಿಯ ಸುತ್ತ ತೆಳುವಾಗಿ ವ್ಯಾಸಲೀನ್ ಸವರಿಕೊಂಡೆ, ಉರಿ ಮರುಕಳಿಸಲಿಲ್ಲ.

ಎರಡು ದಿನಕ್ಕೊಮ್ಮೆ ಕ್ಯಾಪ್ ತೆಗೆದು, ಹದವಾದ ಬಿಸಿನೀರಿನಲ್ಲಿ ಹತ್ತು ನಿಮಿಷ ಕಾಲಿಟ್ಟು, ಮೆತ್ತಗಾದ ಪದರವನ್ನು ಪ್ಯೂಮಿಸ್ ಕಲ್ಲಿನಿಂದ ಹಗುರವಾಗಿ ಉಜ್ಜಿ, ಪೂರ್ತಿ ಒರೆಸಿ ಒಣಗಿಸಿ ಹೊಸದನ್ನು ಅಂಟಿಸಬೇಕು. ಎರಡು ವಾರಕ್ಕಿಂತ ಹೆಚ್ಚು ಮುಂದುವರಿಸಬಾರದು. ಮೂರನೆಯ ಕ್ಯಾಪ್ ತೆಗೆದ ದಿನ, ಆಣಿಯ ನಡುವೆ ಒಳಮುಖವಾಗಿ ಇಳಿದಿದ್ದ ಗಾಜಿನಂತಹ ಹಳದಿ ತಿರುಳು ಅಂಚಿನಿಂದ ಬಿಟ್ಟುಕೊಂಡಿತ್ತು. ಇದನ್ನೇ ಜನ ಆಣಿಯ ಬೇರು ಎನ್ನುವುದು. ಅದು ಬೇರಲ್ಲ, ಒತ್ತಡದಿಂದ ಶಂಕುವಿನ ಆಕಾರದಲ್ಲಿ ಒಳಗೆ ಕೂತ ಸತ್ತ ಚರ್ಮ. ಐದನೆಯ ಕ್ಯಾಪ್ ಹೊತ್ತಿಗೆ ನೋವು ಬಹುತೇಕ ಹೋಗಿತ್ತು. ನನ್ನ ಅಂದಾಜಿನಲ್ಲಿ ಅರ್ಧ ಕೆಲಸ ಮಾಡಿದ್ದು ಔಷಧವಲ್ಲ, ಆ ಫೆಲ್ಟ್ ಬಳೆ. ಅಂಟಿಸಿದ ಮೊದಲ ಗಂಟೆಯಲ್ಲೇ ನೆಲದ ಒತ್ತು ಆಣಿಯ ಮೇಲೆ ಬೀಳದೆ ಸುತ್ತಲಿನ ಬಳೆಯ ಮೇಲೆ ಬೀಳತೊಡಗಿ, ನಡಿಗೆ ಹಗುರಾಗಿತ್ತು.

ಕ್ಯಾಪಿನ ದೊಡ್ಡ ಕೊರತೆ ಅದರ ಅಂಟು. ಮನೆಯೊಳಗೆ ಬರಿಗಾಲಲ್ಲಿ ಓಡಾಡುವ, ದಿನಕ್ಕೆ ನಾಲ್ಕು ಸಲ ಕಾಲು ತೊಳೆಯುವ ನಮ್ಮಂಥವರ ಪಾದದ ಮೇಲೆ ಅದು ಎರಡು ದಿನ ನಿಲ್ಲುವುದಿಲ್ಲ; ಮೇಲೊಂದು ಮೈಕ್ರೋಪೋರ್ ಟೇಪ್ ಸುತ್ತಲೇಬೇಕು. ಬೆರಳುಗಳ ಸಂದಿಯಲ್ಲಿ ಏಳುವ ಮೆತ್ತನೆಯ ಆಣಿಗೆ ಇದು ಹೊಂದುವುದಿಲ್ಲ, ಬೆವರಿಗೆ ಆಮ್ಲ ಹರಡಿ ಹುಣ್ಣಾದೀತು. ಅಲ್ಲಿಗೆ ಬೆರಳುಗಳ ನಡುವೆ ಇಡುವ ಸಿಲಿಕೋನ್ ತುಂಡೇ ಸರಿ. ಹಿಮ್ಮಡಿಯ ಅಗಲವಾದ ಜಡ್ಡಿಗೂ, ಚಕ್ಕಳಮಕ್ಕಳ ಹಾಕಿ ಕೂರುವವರ ಹರಡಿನ ಮೇಲೆ ಕಪ್ಪಗೆ ಕಟ್ಟುವ ಜಡ್ಡಿಗೂ ಕ್ಯಾಪ್ ದಂಡ. ಯೂರಿಯಾ ಇರುವ ಕ್ರೀಮನ್ನು ರಾತ್ರಿ ಸವರಿದರೆ ಸಾಕು. ಉಜ್ಜಿದಾಗ ಒಳಗೆ ಕಪ್ಪು ಚುಕ್ಕೆಗಳು ಕಂಡರೆ, ನೇರವಾಗಿ ಒತ್ತುವುದಕ್ಕಿಂತ ಎರಡು ಪಕ್ಕದಿಂದ ಹಿಚುಕಿದಾಗ ಹೆಚ್ಚು ನೋವಾದರೆ, ಅದು ಆಣಿಯಾಗಿರದೆ ನರಹುಲಿ ಆಗಿರುವ ಸಂಭವವೇ ಹೆಚ್ಚು. ಚರ್ಮದ ವೈದ್ಯರಿಗೆ ತೋರಿಸಬೇಕು.

ಇಷ್ಟಾಗಿ ಎರಡೇ ತಿಂಗಳಲ್ಲಿ ಅದೇ ಜಾಗ ಮತ್ತೆ ಗಟ್ಟಿಯಾಗತೊಡಗಿತು. ಆಗ ಚಪ್ಪಲಿಯನ್ನು ಮಗುಚಿ ನೋಡಿದೆ: ಬಲಗಾಲಿನದರ ಹೊರ ಅಂಚು ಸವೆದು ಇಳಿಜಾರಾಗಿ, ದೇಹದ ಭಾರವೆಲ್ಲ ಕಿರುಬೆರಳಿನ ಬುಡಕ್ಕೇ ಜಾರುತ್ತಿತ್ತು. ಆಣಿಯನ್ನು ಕ್ಯಾಪ್ ತೆಗೆಯುತ್ತದೆ, ಸವೆದ ಚಪ್ಪಲಿ ಮತ್ತೆ ಬೆಳೆಸುತ್ತದೆ. ಈಗ ಎಂಸಿಆರ್ ಚಪ್ಪಲಿ ಹಾಕುತ್ತಿದ್ದೇನೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿದ್ದ ಡಾ. ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗದಿಂದ ಸ್ಪರ್ಶಜ್ಞಾನ ಕಳೆದುಕೊಂಡ ಪಾದಗಳನ್ನು ಹುಣ್ಣಿನಿಂದ ಕಾಪಾಡಲು ಬಳಕೆಗೆ ತಂದ ಮೈಕ್ರೋ ಸೆಲ್ಯುಲಾರ್ ರಬ್ಬರ್ ಇದೇ. ನೋಟಕ್ಕೆ ಅಂದವಿಲ್ಲ, ಮಕ್ಕಳು ಆಸ್ಪತ್ರೆ ಚಪ್ಪಲಿ ಎಂದು ನಗುತ್ತಾರೆ. ಅದನ್ನು ಸಂಜೆ ಹೊತ್ತು, ಕಾಲು ತುಸು ಊದಿಕೊಂಡಿರುವಾಗ ಹಾಕಿ ನೋಡಿ ಕೊಂಡೆ. ಆಣಿ ತಿರುಗಿ ಎದ್ದಿಲ್ಲ.

ಉಳಿದ ಎರಡು ಕ್ಯಾಪ್‌ಗಳನ್ನು ಪಕ್ಕದ ಮನೆಯ ಅಜ್ಜಿ ಮೊನ್ನೆ ಕೇಳಿದರು. ಅವರಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಪಾದ ಜೋಮು ಹಿಡಿದಂತಿರುತ್ತದೆ ಎನ್ನುತ್ತಾರೆ. ಅಂಥ ಕಾಲಿನಲ್ಲಿ ಆಮ್ಲ ಚರ್ಮ ಸುಟ್ಟರೂ ತಿಳಿಯುವುದಿಲ್ಲ, ಆದ ಗಾಯವೂ ಬೇಗ ಮಾಯುವುದಿಲ್ಲ. ಪೊಟ್ಟಣದ ಹಿಂಭಾಗದಲ್ಲಿ ಎಳ್ಳುಕಾಳಿನಷ್ಟು ಸಣ್ಣ ಅಕ್ಷರದಲ್ಲಿ, ಅದೂ ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಎಚ್ಚರಿಕೆಯನ್ನು ಅವರಿಗೆ ಓದಿ ಹೇಳಿ, ಕ್ಯಾಪ್ ಕೊಡದೆ ಡಾಕ್ಟರ ಬಳಿಗೆ ಕಳಿಸಿದೆ.