ಪಿಪ್ ಬಿಟ್ಟು ಯುವಿಗೆ: ಶಿರಸಿಯಿಂದ ಒಂದು ರಿವ್ಯೂ

ಪೈಥಾನ್ ಪ್ಯಾಕೇಜುಗಳನ್ನು (ಬೇರೆಯವರು ಬರೆದಿಟ್ಟ ರೆಡಿ ಕೋಡು) ಇಳಿಸಿ ಜೋಡಿಸಲು ಹಳೆ ಟೂಲು ಪಿಪ್, ಹೊಸದು ಯುವಿ (uv). ಯುವಿ ಬಗ್ಗೆ ಕೇಳಿದರೆ ಎಲ್ಲರೂ ಸ್ಪೀಡು ಸ್ಪೀಡು ಅನ್ನುತ್ತಾರೆ. ನಿಜ, ರಸ್ಟ್ ಎಂಬ ವೇಗದ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು, 2024ರಲ್ಲಿ ಆಸ್ಟ್ರಲ್ ಕಂಪನಿ ಬಿಟ್ಟಿದ್ದು, ಓಡುತ್ತದೆ. ಆದರೆ ಸ್ಪೀಡಿಗಾಗಿ ಮಾತ್ರ ಬದಲಾಯಿಸುವುದಾದರೆ ಅಷ್ಟು ತಲೆಬಿಸಿ ಬೇಡ.

ನಮ್ಮದು ಅಡಿಕೆ ವ್ಯಾಪಾರದ ಲೆಕ್ಕದ ಸಾಫ್ಟ್‌ವೇರ್. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆಯ ಬಗೆವಾರು ದರ ಹಾಕಿದರೆ ಬಿಲ್ಲು ಬರುತ್ತದೆ. ಹಿಂದೆ ಯಾರೋ ‘ಪಿಪ್ ಫ್ರೀಜ್’ (ಇನ್‌ಸ್ಟಾಲ್ ಆದದ್ದನ್ನೆಲ್ಲ ಪಟ್ಟಿ ಮಾಡುವ ಕಮಾಂಡು) ಹೊಡೆದು ಬಂದದ್ದನ್ನೆಲ್ಲ ರಿಕ್ವೈರ್‌ಮೆಂಟ್ಸ್ ಫೈಲಿಗೆ, ಅಂದರೆ ಬೇಕಾದ ಪ್ಯಾಕೇಜುಗಳ ಪಟ್ಟಿಗೆ, ಸುರಿದಿದ್ದರು. ನಮಗೆ ಬೇಕಾದದ್ದು ಪಾಂಡಾಸ್ ಎಂಬ ಕೋಷ್ಟಕ-ಲೆಕ್ಕದ ಪ್ಯಾಕೇಜು. ಅದರ ಬೆನ್ನಿಗೆ ಬಂದ ಪೈಟಿಝಡ್, ಸಿಕ್ಸ್ ಕೂಡ ಅದೇ ಸಾಲಿನಲ್ಲಿ! ಕರೆದವರು ಯಾರು, ಜೊತೆಗೆ ಬಂದವರು ಯಾರು ಅಂತ ಗೊತ್ತಾಗಬೇಕಲ್ವಾ?

ಈ ಫೈಲನ್ನು ಹಾಗೇ ‘ಯುವಿ ಆ್ಯಡ್’ಗೆ ಕೊಟ್ಟರೆ ಅದೇ ಕಸ ಪೈಪ್ರಾಜೆಕ್ಟ್ ಫೈಲಿಗೆ (ಯುವಿ ಪಟ್ಟಿ ಇಡುವ ಜಾಗ) ಹೋಗುತ್ತದೆ, ಅಷ್ಟೇ. ನೇರವಾಗಿ ಬೇಕಾದ್ದನ್ನು ಮಾತ್ರ ಆರಿಸಿ ಬೇರೆ ಫೈಲು ಮಾಡಿ, ಹಳೆಯದನ್ನು ‘-ಸಿ’ ಹಾಕಿ ಕನ್‌ಸ್ಟ್ರೇಂಟ್ ಆಗಿ, ಅಂದರೆ ವರ್ಷನ್‌ಗೆ ಮಾತ್ರ ಕಟ್ಟುಪಾಡಾಗಿ, ಕೊಡಿ. ಆಗ ಓಡುತ್ತಿದ್ದ ವರ್ಷನ್‌ಗಳೇ ಲಾಕ್ ಫೈಲಿನಲ್ಲಿ (ನಿಖರ ವರ್ಷನ್‌ಗಳನ್ನು ಬರೆದಿಡುವ ಫೈಲು) ಉಳಿಯುತ್ತವೆ. ಪೈಟೆಸ್ಟ್ ಥರದ ಪರೀಕ್ಷೆಯ ಟೂಲುಗಳನ್ನು ಡೆವ್ ಗ್ರೂಪಿಗೆ (ಕೋಡು ಬರೆಯುವವರಿಗೆ ಮಾತ್ರ ಬೇಕಾದ ಪಟ್ಟಿ) ತಳ್ಳಿ. ನನ್ನ ಉಬುಂಟು, ಕಾರವಾರದ ಗ್ರಾಹಕರ ವಿಂಡೋಸ್, ಎರಡಕ್ಕೂ ಒಂದೇ ಲಾಕ್ ಫೈಲು ಸಾಕು. ಇದು ನನಗೆ ತುಂಬಾ ಇಷ್ಟವಾಯಿತು.

ಇನ್ನೊಂದು ಕ್ಯಾಶೆ, ಅಂದರೆ ಇಳಿಸಿದ್ದನ್ನು ಕೂಡಿಡುವ ಜಾಗ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು, ನೆಟ್ಟು ಎರಡೂ ಹೋಗುವುದು ಘಟ್ಟದ ಮೇಲೆ ಮಾಮೂಲು. ಒಮ್ಮೆ ಇಳಿದ ಪ್ಯಾಕೇಜು ಕ್ಯಾಶೆಯಲ್ಲಿ ಇರುತ್ತದೆ, ಎನ್ವಿರಾನ್‌ಮೆಂಟ್ (ಪ್ರಾಜೆಕ್ಟಿನ ಪ್ಯಾಕೇಜುಗಳಿರುವ ಪ್ರತ್ಯೇಕ ಫೋಲ್ಡರು) ಅಳಿಸಿದರೂ ‘ಯುವಿ ಸಿಂಕ್ --ಆಫ್‌ಲೈನ್’ ಅಂದರೆ ಮತ್ತೆ ರೆಡಿ. ಪಿಪ್‌ಗೂ ಕ್ಯಾಶೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ಪ್ರತಿ ಪ್ರಾಜೆಕ್ಟಿಗೂ ಮತ್ತೆ ಬಿಚ್ಚಿ ಕಾಪಿ ಮಾಡುತ್ತದೆ. ಕ್ಯಾಶೆ, ಪ್ರಾಜೆಕ್ಟು ಎರಡೂ ಒಂದೇ ಡಿಸ್ಕಿನಲ್ಲಿದ್ದರೆ ಯುವಿ ಹಾರ್ಡ್‌ಲಿಂಕ್ (ಅದೇ ಫೈಲಿಗೆ ಇನ್ನೊಂದು ಹೆಸರು) ಹಾಕಿ ಜಾಗ ಉಳಿಸುತ್ತದೆ.

ಕಿರಿಕಿರಿ ಇಲ್ಲವೇ? ಇದೆ. ಯುವಿ ಮಾಡಿದ ಎನ್ವಿರಾನ್‌ಮೆಂಟಿನಲ್ಲಿ ಪಿಪ್ ಇರುವುದೇ ಇಲ್ಲ. ಹೊಸ ಹುಡುಗರು ಅಭ್ಯಾಸಬಲದಿಂದ ‘ಪಿಪ್ ಇನ್‌ಸ್ಟಾಲ್’ ಹೊಡೆದರೆ ಸಿಸ್ಟಮ್ಮಿನ ಪಿಪ್ ಎದ್ದು ಬರುತ್ತದೆ, ಆಮೇಲೆ ಪ್ಯಾಕೇಜು ಎಲ್ಲಿ ಹೋಯಿತು ಅಂತ ಹುಡುಕಾಟ. ಹಳೆ ನಂಪೈ (ಅಂಕಿ ಲೆಕ್ಕದ ಪ್ಯಾಕೇಜು) ಕಟ್ಟಿಕೊಂಡವರಿಗೂ ಪವಾಡವೇನಿಲ್ಲ. ಪೈಥಾನ್ 3.12ರಲ್ಲಿ ಡಿಸ್ಟ್‌ಯುಟಿಲ್ಸ್ (ಪ್ಯಾಕೇಜು ಕಟ್ಟುವ ಹಳೆ ಸಾಮಗ್ರಿ) ತೆಗೆದೇಬಿಟ್ಟಿದ್ದಾರೆ, ಆ ಪೈಥಾನಿಗೆ ಬೇಕಾದದ್ದು ನಂಪೈ 1.26 ಅಥವಾ ಮುಂದಿನದು. ನಂಪೈ ಬದಲಾಯಿಸುವವರೆಗೆ ‘ಯುವಿ ಪೈಥಾನ್ ಪಿನ್’ ಹಾಕಿ ಹಳೆ ಪೈಥಾನಿನಲ್ಲೇ ಇರಿ. ಸರ್ವರಿನಲ್ಲಿ ಪಿಪ್ ಮಾತ್ರ ಇದ್ದರೆ ‘ಯುವಿ ಎಕ್ಸ್‌ಪೋರ್ಟ್’ ಹಳೆ ಥರದ ಫೈಲನ್ನೇ ಬರೆದುಕೊಡುತ್ತದೆ, ಅಲ್ಲಿ ಏನೂ ಬದಲಾಯಿಸಬೇಕಿಲ್ಲ.