ಸಂಬಳದ ಲೆಕ್ಕ ತಪ್ಪದ ಟ್ರೇಡ್ ಮಷಿನ್, ತಾರಾ ಆಟಗಾರನನ್ನು ಮಾತ್ರ ಲೆಕ್ಕಕ್ಕೇ ಇಟ್ಟಿಲ್ಲ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ತಂಡಗಳು ಆಟಗಾರರನ್ನು ಹೇಗೆ ಅದಲು ಬದಲು ಮಾಡಿಕೊಳ್ಳಬಹುದು ಎಂಬುದನ್ನು ಅಭಿಮಾನಿಗಳೇ ಪರೀಕ್ಷಿಸಿ ನೋಡಲು ಇಂಟರ್ನೆಟ್ಟಿನಲ್ಲಿ ಹಲವು ಟ್ರೇಡ್ ಮಷಿನ್‌ಗಳು ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಒಂದನ್ನು ಸಾಕಷ್ಟು ಕಾಲ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಇಲ್ಲಿ ಹೇಳುವ ಮುಖ್ಯ ಕೊರತೆ ಈ ಜಾತಿಯ ಸಾಧನಗಳಿಗೆಲ್ಲ ಹೆಚ್ಚು ಕಡಿಮೆ ಅನ್ವಯಿಸುವುದರಿಂದ ಅದರ ಹೆಸರು ಹೇಳುವ ಅಗತ್ಯ ಕಾಣುತ್ತಿಲ್ಲ.

ಬಳಸುವ ಕ್ರಮ ಸುಲಭವಾಗಿದೆ. ಎರಡು ಅಥವಾ ಹೆಚ್ಚು ತಂಡಗಳನ್ನು ಆರಿಸಿಕೊಂಡರೆ ಪ್ರತಿ ತಂಡದ ಆಟಗಾರರ ಪಟ್ಟಿ ಸಂಬಳದ ಸಮೇತ ತೆರೆದುಕೊಳ್ಳುತ್ತದೆ. ಆಟಗಾರನ ಹೆಸರನ್ನು ಒತ್ತಿ, ಅವನು ಹೋಗಬೇಕಾದ ತಂಡವನ್ನು ಸೂಚಿಸಿ, ಕೊನೆಗೆ ಪರೀಕ್ಷೆಯ ಗುಂಡಿಯನ್ನು ಒತ್ತಿದರೆ ಟ್ರೇಡ್ ಸಂಬಳದ ನಿಯಮಗಳಿಗೆ ಹೊಂದಿದರೆ ಹಸಿರು, ಇಲ್ಲದಿದ್ದರೆ ಕೆಂಪು ಪಟ್ಟಿಯೊಂದು ಮೂಡುತ್ತದೆ. ಕೆಂಪು ಬಂದಾಗ ಯಾವ ತಂಡದ ಲೆಕ್ಕ ಎಷ್ಟು ಡಾಲರ್‌ಗಳಿಂದ ತಪ್ಪಿದೆ ಎಂಬುದನ್ನೂ ಅದು ತಿಳಿಸುತ್ತದೆ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಕಾರ್ಮಿಕ ಒಪ್ಪಂದದ ನಂತರ ಈ ಲೆಕ್ಕ ಎಷ್ಟು ಜಟಿಲವಾಗಿದೆಯೆಂದರೆ, ತಂಡದ ಒಟ್ಟು ಸಂಬಳಕ್ಕೆ ಎಳೆದ ಸೆಕೆಂಡ್ ಏಪ್ರನ್ ಎಂಬ ಗೆರೆಯನ್ನು ದಾಟಿದ ತಂಡವು ಇಬ್ಬರು ಆಟಗಾರರ ಸಂಬಳವನ್ನು ಒಟ್ಟುಗೂಡಿಸಿ ಒಬ್ಬ ದುಬಾರಿ ಆಟಗಾರನನ್ನು ತರುವಂತಿಲ್ಲ, ಟ್ರೇಡಿನ ಜೊತೆಗೆ ನಗದು ಕೊಡುವಂತೆಯೂ ಇಲ್ಲ. ಮಷಿನ್ ಇವೆಲ್ಲವನ್ನೂ ಕ್ಷಣದಲ್ಲಿ ಗುರುತಿಸುತ್ತದೆ. ಇಷ್ಟರ ಮಟ್ಟಿಗೆ ಅದಕ್ಕೆ ಪೂರ್ಣ ಅಂಕ ಕೊಡಲು ನನಗೆ ಯಾವ ಹಿಂಜರಿಕೆಯೂ ಇಲ್ಲ.

ತೊಡಕು ಶುರುವಾಗುವುದು ಹಸಿರು ಪಟ್ಟಿ ಬಂದ ಮೇಲೆ. ಮಷಿನ್‌ನ ದೃಷ್ಟಿಯಲ್ಲಿ ಪ್ರತಿಯೊಬ್ಬ ಆಟಗಾರನೂ ಒಂದು ಸಂಬಳದ ಅಂಕಿ ಮಾತ್ರ. ಆದರೆ ಕಳೆದ ಹಲವು ವರ್ಷಗಳ ದೊಡ್ಡ ಟ್ರೇಡ್‌ಗಳಲ್ಲಿ ಬಹುಪಾಲು ಯಾರೋ ಒಬ್ಬ ತಾರಾ ಆಟಗಾರನ ಇಚ್ಛೆಯಿಂದ ಹುಟ್ಟಿದವು. 2019ರ ಜುಲೈನಲ್ಲಿ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ತಂಡವು ಪಾಲ್ ಜಾರ್ಜ್‌ಗಾಗಿ ಒಕ್ಲಹೋಮ ಸಿಟಿಗೆ ಏನು ಕೊಟ್ಟಿತೆಂದು ನೋಡಿ: ಆಗಷ್ಟೇ ಮೊದಲ ಸೀಸನ್ ಮುಗಿಸಿದ್ದ ಶೇ ಗಿಲ್ಜಸ್ ಅಲೆಕ್ಸಾಂಡರ್, ಅನುಭವಿ ಡನಿಲೊ ಗ್ಯಾಲಿನಾರಿ, ಐದು ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಗಳು (ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಹಕ್ಕುಗಳು), ಸಾಲದ್ದಕ್ಕೆ ಎರಡು ವರ್ಷ ಆಯ್ಕೆಗಳನ್ನು ಬದಲಿಸಿಕೊಳ್ಳುವ ಹಕ್ಕು. ಜಾರ್ಜ್ ಒಬ್ಬನ ಬೆಲೆ ಎಂದುಕೊಂಡರೆ ಇದು ಹುಚ್ಚುತನವಾಗಿ ಕಾಣುತ್ತದೆ. ಆದರೆ ಫ್ರೀ ಏಜೆಂಟ್, ಅಂದರೆ ಒಪ್ಪಂದ ಮುಗಿದು ಯಾವ ತಂಡವನ್ನಾದರೂ ಸೇರಬಲ್ಲವನು, ಆಗಿದ್ದ ಕವಾಯ್ ಲೆನರ್ಡ್, ತನ್ನ ಜೊತೆ ಇನ್ನೊಬ್ಬ ತಾರೆ ಬಂದರೆ ಮಾತ್ರ ಸಹಿ ಹಾಕುವ ಮನಸ್ಸಿನಲ್ಲಿದ್ದನೆಂದು ಆಗ ವ್ಯಾಪಕವಾಗಿ ವರದಿಯಾಗಿತ್ತು. ಕ್ಲಿಪ್ಪರ್ಸ್ ಒಂದೇ ಬೆಲೆಗೆ ಇಬ್ಬರನ್ನು ಕೊಳ್ಳುತ್ತಿತ್ತು, ಆ ಇಬ್ಬರಲ್ಲಿ ಒಬ್ಬನ ಹೆಸರು ಟ್ರೇಡಿನ ಕಾಗದದಲ್ಲೇ ಇರಲಿಲ್ಲ. ಮಷಿನ್‌ನಲ್ಲಿ ಲೆನರ್ಡ್‌ನ ಆ ಷರತ್ತನ್ನು ನಮೂದಿಸಲು ಜಾಗವೇ ಇಲ್ಲ. ಮುಂದಿನ ಕಥೆ ಎಲ್ಲರಿಗೂ ಗೊತ್ತು: ಗಿಲ್ಜಸ್ ಅಲೆಕ್ಸಾಂಡರ್ 2025ರಲ್ಲಿ ಎಂವಿಪಿ (ಸೀಸನ್ನಿನ ಅತ್ಯಂತ ಮೌಲ್ಯಯುತ ಆಟಗಾರ) ಆದ, ಅದೇ ವರ್ಷ ಒಕ್ಲಹೋಮ ಸಿಟಿ ಚಾಂಪಿಯನ್ ಆಯಿತು, ಕ್ಲಿಪ್ಪರ್ಸ್ ಕೊಟ್ಟ ಆಯ್ಕೆಗಳಲ್ಲೊಂದರಿಂದ ಬಂದ ಜೇಲನ್ ವಿಲಿಯಮ್ಸ್ ಕೂಡ ಆ ತಂಡದಲ್ಲಿದ್ದ.

ತಾರೆಯ ಮಾತಿಗೆ ಎಷ್ಟು ತೂಕವಿದೆ ಎಂಬುದನ್ನು ಅಳೆಯಲು ಸಾಧ್ಯವೇ ಇಲ್ಲ, ಆದ್ದರಿಂದ ಸಾಧನವನ್ನು ದೂರಬಾರದು ಎಂದು ಯಾರಾದರೂ ಹೇಳಬಹುದು. ನಾನು ಒಪ್ಪುವುದಿಲ್ಲ. ಒಂದು ಅಳತೆಗೋಲು ಕಣ್ಣೆದುರಿಗೇ ಇದೆ, ಅದು ಒಪ್ಪಂದದಲ್ಲಿ ಉಳಿದಿರುವ ವರ್ಷಗಳು. 2019ರ ಜನವರಿಯಲ್ಲಿ ಆಂಟನಿ ಡೇವಿಸ್ ತನ್ನ ಏಜೆಂಟ್ ರಿಚ್ ಪಾಲ್ ಮೂಲಕ ಬಹಿರಂಗವಾಗಿ ಟ್ರೇಡ್ ಕೇಳಿದ. ಲೀಗ್ 50,000 ಡಾಲರ್ ದಂಡ ಹಾಕಿತು, ಅವನ ಆದಾಯದ ಮುಂದೆ ಅದು ಯಾವ ಲೆಕ್ಕ! ಆ ಬೇಸಿಗೆಗೆ ಅವನ ಒಪ್ಪಂದದಲ್ಲಿ ಖಚಿತವಾಗಿ ಉಳಿದಿದ್ದುದು ಒಂದೇ ಸೀಸನ್. ವರ್ಷ ಕಳೆದ ಮೇಲೆ ಅವನು ಉಳಿಯುವ ಭರವಸೆಯಿಲ್ಲದೆ ಬೇರೆ ತಂಡಗಳು ದೊಡ್ಡ ಬೆಲೆ ಕೊಡಲು ಅಳುಕುವುದು ಸಹಜವಾಗಿತ್ತು, ಅವನು ಬಯಸಿದ ಲೇಕರ್ಸ್ ತಂಡಕ್ಕೇ ಹೋದ, 2020ರಲ್ಲಿ ಪ್ರಶಸ್ತಿಯನ್ನೂ ಗೆದ್ದ. ಇನ್ನು 2023ರ ಡೇಮಿಯನ್ ಲಿಲಾರ್ಡ್‌ನನ್ನು ನೋಡಿ. ಅವನು ಬಯಸಿದ್ದು ಮಯಾಮಿ. ಆದರೆ ಅವನ ಒಪ್ಪಂದ 2026-27ರವರೆಗೆ ಇದ್ದುದರಿಂದ ಅವನ ತಂಡ ಪೋರ್ಟ್‌ಲ್ಯಾಂಡ್‌ಗೆ ಅವಸರವಿರಲಿಲ್ಲ, ಸೆಪ್ಟೆಂಬರ್‌ನಲ್ಲಿ ಅವನು ಮಿಲ್ವಾಕಿಗೆ ಹೋದ. ಆ ಬೇಸಿಗೆಯಲ್ಲಿ ಅಭಿಮಾನಿಗಳು ಹಸಿರು ಮಾಡಿಕೊಂಡು ಕೂತ ಮಯಾಮಿ ಟ್ರೇಡ್‌ಗಳಿಗೆ ಲೆಕ್ಕವಿಲ್ಲ. ಉಳಿದ ವರ್ಷಗಳನ್ನು ಸಂಬಳದ ಪಕ್ಕದಲ್ಲೇ ಎದ್ದು ಕಾಣುವಂತೆ ತೋರಿಸಿದ್ದರೆ ಇವರಲ್ಲಿ ಕೆಲವರಾದರೂ ಆ ಹಸಿರನ್ನು ಅನುಮಾನದಿಂದ ನೋಡುತ್ತಿದ್ದರು. ನಾನು ಬಳಸಿದ ಮಷಿನ್‌ನಲ್ಲಿ ಅದನ್ನು ತಿಳಿಯಲು ಪ್ರತಿ ಹೆಸರನ್ನೂ ಒತ್ತಿ ಬೇರೆ ಪುಟಕ್ಕೆ ಹೋಗಬೇಕು.

ಈ ಬಲವನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವನು ಲೆಬ್ರಾನ್ ಜೇಮ್ಸ್. 2014ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಮರಳಿದಾಗ ಅವನು ಎರಡು ವರ್ಷಕ್ಕೆ ಸಹಿ ಹಾಕಿದರೂ ಎರಡನೆಯ ವರ್ಷ ಬೇಕೋ ಬೇಡವೋ ಎಂಬ ಆಯ್ಕೆಯನ್ನು ತನ್ನ ಕೈಯಲ್ಲೇ ಇಟ್ಟುಕೊಂಡ, ಮರುವರ್ಷವೂ ಅದನ್ನೇ ಮಾಡಿದ. ಹೀಗೆ ಪ್ರತಿ ಬೇಸಿಗೆಯಲ್ಲೂ ಹೊರಡಬಲ್ಲವನ ಎದುರು ಟ್ರೇಡ್‌ಗಳನ್ನು ನಿರ್ಧರಿಸುವ ಜನರಲ್ ಮ್ಯಾನೇಜರ್ ಯಾವ ಧೈರ್ಯದಲ್ಲಿ ಇಲ್ಲ ಎನ್ನಬೇಕು? ಆ ವರ್ಷದ ಡ್ರಾಫ್ಟಿನ ಮೊದಲ ಆಯ್ಕೆಯಾಗಿದ್ದ ಆಂಡ್ರೂ ವಿಗಿನ್ಸ್ ಒಂದು ಪಂದ್ಯವನ್ನೂ ಆಡದೆ ಕೆವಿನ್ ಲವ್‌ಗೆ ಬದಲಾಗಿ ಮಿನೆಸೋಟಕ್ಕೆ ಹೋದ. 2016ರ ಪ್ರಶಸ್ತಿ ಬಂದುದರಿಂದ ಆ ನಿರ್ಧಾರವನ್ನು ಯಾರೂ ಪ್ರಶ್ನಿಸುವಂತಿಲ್ಲ. ಅದೇ ಲೆಬ್ರಾನ್ ಲೇಕರ್ಸ್‌ನಲ್ಲಿದ್ದಾಗ, 2021ರಲ್ಲಿ, ಅವನೂ ಡೇವಿಸ್‌ನೂ ಒಲವು ತೋರಿದರೆಂದು ವರದಿಯಾದ ರಸೆಲ್ ವೆಸ್ಟ್‌ಬ್ರೂಕ್ ಟ್ರೇಡ್ ನಡೆಯಿತು. ಸುಮಾರು 44 ಮಿಲಿಯನ್ ಡಾಲರ್ ಸಂಬಳದ ಒಬ್ಬನಿಗಾಗಿ ಕೈಲ್ ಕುಜ್ಮಾ, ಕೆಂಟೇವಿಯಸ್ ಕಾಲ್ಡ್‌ವೆಲ್ ಪೋಪ್, ಮಾಂಟ್ರೆಜ್ ಹ್ಯಾರೆಲ್ ಮೂವರನ್ನೂ ಒಂದು ಡ್ರಾಫ್ಟ್ ಆಯ್ಕೆಯನ್ನೂ ಬಿಟ್ಟುಕೊಟ್ಟ ತಂಡ ಮುಂದಿನ ಸೀಸನ್‌ನಲ್ಲಿ 33 ಗೆದ್ದು 49 ಸೋತಿತು. ಸಂಬಳದ ಲೆಕ್ಕದಲ್ಲಿ ಆ ಟ್ರೇಡಿಗೆ ಯಾವ ದೋಷವೂ ಇರಲಿಲ್ಲ.

ತಾರೆಯ ಮಾತನ್ನು ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೂ ಎರಡು ಬಗೆಯ ಉತ್ತರಗಳಿವೆ. 1988ರಲ್ಲಿ ಶಿಕಾಗೊ ಬುಲ್ಸ್‌ನ ಜನರಲ್ ಮ್ಯಾನೇಜರ್ ಜೆರಿ ಕ್ರಾಸ್, ಮೈಕಲ್ ಜೋರ್ಡನ್‌ನ ಆಪ್ತ ಚಾರ್ಲ್ಸ್ ಓಕ್ಲಿಯನ್ನು ನ್ಯೂಯಾರ್ಕ್‌ಗೆ ಕೊಟ್ಟು ಬಿಲ್ ಕಾರ್ಟ್‌ರೈಟ್‌ನನ್ನು ತಂದ. ಜೋರ್ಡನ್ ಸಿಡಿಮಿಡಿಗೊಂಡ, ಆದರೆ 1991ರಿಂದ ಸತತ ಮೂರು ಪ್ರಶಸ್ತಿಗಳನ್ನು ಗೆದ್ದಾಗ ಸೆಂಟರ್ ಸ್ಥಾನದಲ್ಲಿ ನಿಂತವನು ಆ ಕಾರ್ಟ್‌ರೈಟ್‌ನೇ. 2025ರ ಫೆಬ್ರವರಿಯಲ್ಲಿ ಡಲ್ಲಸ್‌ನ ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್, ಟ್ರೇಡ್ ಕೇಳಿಯೇ ಇರದ ಲೂಕಾ ಡಾಂಚಿಚ್‌ನನ್ನು ಲೇಕರ್ಸ್‌ಗೆ ಕೊಟ್ಟು ಡೇವಿಸ್‌ನನ್ನು ತೆಗೆದುಕೊಂಡ, ಅದೇ ನವೆಂಬರ್‌ನಲ್ಲಿ ಕೆಲಸ ಕಳೆದುಕೊಂಡ. ಇಬ್ಬರ ಸಂಬಳವೂ ಸುಮಾರು 43 ಮಿಲಿಯನ್ ಆಗಿದ್ದುದರಿಂದ ಮಷಿನ್ ಈ ಜೋಡಿಯನ್ನು ಹೊಂದಿಸಲು ಕಷ್ಟಪಡುತ್ತಿರಲಿಲ್ಲ. ಆದರೆ ಈ ಟ್ರೇಡಿನಲ್ಲೂ ಲೇಕರ್ಸ್‌ನ ಲೆಕ್ಕ ಕೂಡಿಬರಲು ಡೇವಿಸ್ ತನಗೆ ಸಲ್ಲಬೇಕಿದ್ದ ಟ್ರೇಡ್ ಬೋನಸ್ಸನ್ನು ಬಿಟ್ಟುಕೊಡಬೇಕಾಯಿತು. ಅಂದರೆ ಶುದ್ಧ ಲೆಕ್ಕಾಚಾರವೆಂದು ಮಷಿನ್ ನಂಬಿರುವ ಭಾಗದೊಳಗೂ ಆಟಗಾರನ ಒಪ್ಪಿಗೆ ನುಸುಳಿದೆ.

ಟ್ರೇಡನ್ನು ತಡೆಯುವ ಲಿಖಿತ ಹಕ್ಕು ಇರುವವರ ವಿಷಯದಲ್ಲಂತೂ ಈ ಮೌನಕ್ಕೆ ಕ್ಷಮೆಯಿಲ್ಲ. ಲೀಗ್‌ನಲ್ಲಿ ಎಂಟು ಸೀಸನ್ ಆಡಿ, ಅದರಲ್ಲಿ ನಾಲ್ಕನ್ನು ಒಪ್ಪಂದ ಮಾಡಿಕೊಳ್ಳುವ ತಂಡದಲ್ಲೇ ಕಳೆದವನು ಮಾತ್ರ ನೋ ಟ್ರೇಡ್ ಕ್ಲಾಸ್ ಎಂಬ ಈ ಹಕ್ಕನ್ನು ಕೇಳಬಹುದು, ಅದು ಸಿಕ್ಕವರು ಬೆರಳೆಣಿಕೆಯಷ್ಟು. ಬ್ರ್ಯಾಡ್ಲಿ ಬೀಲ್ 2023ರಲ್ಲಿ ಫೀನಿಕ್ಸ್‌ಗೆ ಬಂದಾಗ ಆ ಹಕ್ಕು ಅವನೊಂದಿಗೇ ಬಂತು. ಆಮೇಲೆ ಅವನನ್ನು ಬೇರೆಡೆಗೆ ಕಳಿಸುವ ಯಾವ ಯೋಚನೆಯಾದರೂ ಅವನ ಮನೆಬಾಗಿಲಲ್ಲೇ ನಿಲ್ಲಬೇಕಿತ್ತು. ಇದು ಊಹೆಯಲ್ಲ, ಒಪ್ಪಂದದಲ್ಲಿ ಬರೆದಿರುವ ಸಂಗತಿ. ಹೆಸರಿನ ಮುಂದೆ ಒಂದು ಚಿಕ್ಕ ಗುರುತು ಹಾಕಿದ್ದರೆ ಸಾಕಿತ್ತು.

ಉಳಿದ ದೂರುಗಳು ಸಣ್ಣವು. ಫೋನಿನ ಪರದೆಯಲ್ಲಿ ಮೂರನೆಯ ತಂಡವನ್ನು ಸೇರಿಸಿದರೆ ಪಟ್ಟಿ ಇಕ್ಕಟ್ಟಾಗುತ್ತದೆ, ಹಳೆಯ ಸೀಸನ್‌ಗಳ ಸಂಬಳ ಸಿಗದಿರುವುದರಿಂದ ಮೇಲೆ ಹೇಳಿದ ಟ್ರೇಡ್‌ಗಳನ್ನು ಅದರಲ್ಲಿ ಮತ್ತೆ ಕಟ್ಟಿ ನೋಡಲು ಬರುವುದಿಲ್ಲ. ಸಂಬಳದ ನಿಯಮಗಳನ್ನು ಕಲಿಯಬೇಕೆನ್ನುವವರಿಗೆ ಈ ಮಷಿನ್ ಅನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ, ಐದರಲ್ಲಿ ನಾಲ್ಕು ಅಂಕ. ಮುಂದಿನ ತಿಂಗಳು ಯಾರು ಎಲ್ಲಿಗೆ ಹೋಗುತ್ತಾರೆಂದು ತಿಳಿಯಲು ಬಳಸುವವರಿಗಾದರೆ ಎರಡೇ ಅಂಕ. ಅಂಥವರು ಗುಂಡಿ ಒತ್ತುವ ಮೊದಲು ಆಟಗಾರನ ಒಪ್ಪಂದ ಯಾವಾಗ ಮುಗಿಯುತ್ತದೆ, ಕೊನೆಯ ವರ್ಷದ ಆಯ್ಕೆ ಯಾರ ಕೈಯಲ್ಲಿದೆ ಎಂಬ ಎರಡನ್ನು ಬೇರೆ ಪುಟದಲ್ಲಿ ನೋಡಿಕೊಂಡು ಬರುವುದು ಲೇಸು.